ರೋಗದ ಮುನ್ಸೂಚನೆಗೆ ಅಳತೆಗೋಲು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿ ಜನವರಿ ತಿಂಗಳಿನುದ್ದಕ್ಕೂ “ನಾಳೆ ಮಳೆಯಿಲ್ಲ” ಎಂದು ಸಾರುವವನ ಮಾತು ಬಹುಮಟ್ಟಿಗೆ ನಿಜವೇ ಆದೀತು. ಆದರೂ ಅವನನ್ನು ಹವಾಮಾನ ಬಲ್ಲವನೆಂದು ಯಾರೂ ಮನ್ನಿಸರು. ಶಾಸ್ತ್ರವರಿಯದವನೂ ಹೇಳಬಹುದಾದುದಕ್ಕಿಂತ ಎಷ್ಟು ನಿಖರವಾಗಿ ಹೇಳಿದನೆಂಬುದರಿಂದಲೇ ಮುನ್ಸೂಚಕನ ಯೋಗ್ಯತೆಯನ್ನು ಅಳೆಯಬೇಕು. ಸಾಂಕ್ರಾಮಿಕ ರೋಗಗಳಿಗೂ ಇದೇ ನ್ಯಾಯ. “ಬರುವ ವಾರವೂ ಈ ವಾರದಷ್ಟೇ” ಎಂಬ ಸಾಮಾನ್ಯ ಊಹೆಯನ್ನು ಮೀರಿಸಲಾರದ ಗಣಿತದಿಂದ ಪ್ರಯೋಜನವೇನು?

ಕಳೆದುಹೋದುದಕ್ಕೆ ರೇಖೆಯನ್ನು ಹೊಂದಿಸುವುದು ಬೇರೆಯೇ ಕೆಲಸ. 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ವಿದ್ವಾಂಸರು ಮುಂಬಯಿಯ 1905–06ರ ಪ್ಲೇಗಿನ ಮರಣಸಂಖ್ಯೆಗಳಿಗೆ ತಮ್ಮ ಸಮೀಕರಣವನ್ನು ಅನ್ವಯಿಸಿದರು. ವಕ್ರರೇಖೆ ಸೊಗಸಾಗಿ ಕೂಡಿಕೊಂಡಿತು. ಆದರೆ ಆ ಹಾವಳಿ ಅಡಗಿ ಇಪ್ಪತ್ತು ವರ್ಷಗಳಾಗಿದ್ದುವು. ಅದು ವಿವರಣೆಯೇ ಹೊರತು ಮುನ್ಸೂಚನೆಯಲ್ಲ.

ಕೋವಿಡ್ ಹಬ್ಬಿದಾಗ ಮುನ್ಸೂಚನೆಗಳಿಗೆ ನಿಜವಾದ ಪರೀಕ್ಷೆ ಒದಗಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನೇಮಿಸಿದ ಸಮಿತಿಯೊಂದು, ಎಚ್ಚರಿಕೆಗಳನ್ನು ಪಾಲಿಸಿದರೆ 2021ರ ಫೆಬ್ರವರಿಯ ಹೊತ್ತಿಗೆ ರೋಗವು ಹತೋಟಿಗೆ ಬರುವುದೆಂದು 2020ರ ಅಕ್ಟೋಬರಿನಲ್ಲಿ ತಿಳಿಸಿತು. ಫೆಬ್ರವರಿಯಲ್ಲಿ ಸಂಖ್ಯೆ ತಗ್ಗಿದ್ದುದು ನಿಜ. ಆದರೆ ಮೇ 5ರ ಒಂದೇ ದಿನ ಕರ್ನಾಟಕದಲ್ಲಿ 50,112 ಹೊಸ ರೋಗಿಗಳು ದಾಖಲಾದರು. ಹಾಗಾದರೆ ಮುನ್ಸೂಚನೆ ಸರಿಯೋ, ತಪ್ಪೋ? “ಪಾಲಿಸಿದರೆ” ಎಂಬ ಮಾತು ನುಣುಚಿಕೊಳ್ಳಲು ಕಿಂಡಿಯಾಗುತ್ತದೆ. ಡೆಲ್ಟಾ ಎಂಬ ಹೊಸ ತಳಿಯಂತೂ ಆ ಲೆಕ್ಕದಲ್ಲಿ ಇರಲೇ ಇಲ್ಲ. ಸೂರ್ಯಗ್ರಹಣವು ಪಂಚಾಂಗವನ್ನು ನೋಡಿ ತನ್ನ ವೇಳೆಯನ್ನು ಬದಲಿಸದು. ಜನರೋ, ಮುನ್ಸೂಚನೆಯನ್ನು ಓದಿ ತಮ್ಮ ನಡತೆಯನ್ನೇ ಬದಲಿಸುತ್ತಾರೆ. ಭೌತವಿಜ್ಞಾನಿಗೆ ಇಂಥ ತೊಡಕು ಅಪರೂಪ.

ಇನ್ನು, ಯಾವ ಸಂಖ್ಯೆಯೊಡನೆ ಹೋಲಿಸಬೇಕು? 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ನಡೆಸಿದ ಸಮೀಕ್ಷೆಯ ಅಂದಾಜಿನಂತೆ, ನೂರಕ್ಕೆ 27.3 ಮಂದಿಗೆ, ಎಂದರೆ ಸುಮಾರು 1.93 ಕೋಟಿ ಜನರಿಗೆ, ಸೋಂಕು ಆಗಲೇ ತಗುಲಿತ್ತು. ದಾಖಲೆಯಲ್ಲಿ ಕಂಡವರು ಅದರ ನಲವತ್ತನೆಯ ಒಂದು ಪಾಲು ಮಾತ್ರ! ಅಳತೆಗೋಲೇ ಹೀಗೆ ಕುಗ್ಗಿರುವಾಗ ಮುನ್ಸೂಚನೆಯ ದೋಷವನ್ನಷ್ಟೇ ಎಣಿಸಿದರೆ ಸಾಲದು.

ತಪ್ಪುಗಳ ಬೆಲೆಯೂ ಸಮನಲ್ಲ. ಹೆಚ್ಚು ಊಹಿಸಿದರೆ ಹಾಸಿಗೆಗಳು ಖಾಲಿ ಉಳಿದಾವು. ಕಡಮೆ ಊಹಿಸಿದರೆ ಆಮ್ಲಜನಕವೇ ಸಾಲದೆ ಹೋದೀತು. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಅಂಥ ಕೊರತೆಯಿಂದ ರೋಗಿಗಳು ಅಸುನೀಗಿದರು.

ಅಮೆರಿಕದಲ್ಲಿ ಹಲವು ತಂಡಗಳ ಕೋವಿಡ್ ಮರಣಸಂಖ್ಯೆಯ ಮುನ್ಸೂಚನೆಗಳನ್ನು ವಾರವಾರವೂ ಮುಂಗಡವಾಗಿಯೇ ದಾಖಲಿಸಿಟ್ಟು, ಬಳಿಕ ತಾಳೆ ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೇಲೆ ಹೇಳಿದ ಸಾಮಾನ್ಯ ಊಹೆಯನ್ನು ಮೀರಿಸಿದುವು ಮೂರರಲ್ಲಿ ಎರಡು ಪಾಲಿನ ಮಾದರಿಗಳು ಮಾತ್ರ. ಇಪ್ಪತ್ತು ವಾರ ಮುಂದಿನ ಮುನ್ಸೂಚನೆಯ ದೋಷವು ಒಂದು ವಾರದ್ದಕ್ಕಿಂತ ಮೂರರಿಂದ ಐದು ಪಟ್ಟು ಹೆಚ್ಚಿತ್ತು. ಎಲ್ಲ ತಂಡಗಳ ಅಂಕಿಗಳನ್ನು ಬೆರೆಸಿ ಪಡೆದ ಸಂಯುಕ್ತ ಮುನ್ಸೂಚನೆಯೇ ಒಟ್ಟಿನಲ್ಲಿ ಹೆಚ್ಚು ಸ್ಥಿರವಾಗಿ ನಿಜಕ್ಕೆ ಹತ್ತಿರವಿದ್ದಿತು.