ಕಾಲೇಜುಗಳ ಕ್ರೀಡಾಮಂಡಲ

ಅಮೇರಿಕಾ ದೇಶದಲ್ಲಿ ‘ಫುಟ್‌ಬಾಲ್’ ಎಂದು ಕರೆಯಲ್ಪಡುವ ಆಟವು ನಮ್ಮ ಊರುಗಳಲ್ಲಿ ಕಾಲಿನಿಂದ ಒದೆಯುವ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಎಲ್ಲೆಯನ್ನು ದಾಟಿಸುವ ಆಟವದು. ಆಟದ ಕ್ರಮವು ಇಲ್ಲಿ ಪ್ರಕೃತವಲ್ಲ. ಅಲ್ಲಿಯ ಸಣ್ಣ ಕಾಲೇಜುಗಳು ತಮ್ಮ ಎದುರಾಳಿಗಳನ್ನು ಗೊತ್ತುಮಾಡಿಕೊಳ್ಳುವ ಬಗೆಯಾದರೋ ಮಂಗಳೂರಿನ ವಿದ್ಯಾಸಂಸ್ಥೆಗಳವರು ಪರ್ಯಾಲೋಚಿಸತಕ್ಕದ್ದಾಗಿದೆ.

ಸಮಾನಸ್ಥಿತಿಯ ಕೆಲವು ಕಾಲೇಜುಗಳು ಸ್ವೇಚ್ಛೆಯಿಂದ ಕೂಡಿ ಕಟ್ಟಿಕೊಂಡ ಒಕ್ಕೂಟಕ್ಕೆ ಅಲ್ಲಿ ‘ಕಾನ್ಫರೆನ್ಸ್’ ಎಂದು ಹೆಸರು. ಇದನ್ನು ‘ಸಮ್ಮೇಳನ’ವೆಂದರೆ ಅಪಾರ್ಥವಾದೀತು, ‘ಕ್ರೀಡಾಮಂಡಲ’ವೆಂಬುದು ಒಪ್ಪುತ್ತದೆ. ಕೌಟಿಲ್ಯನು ರಾಜಮಂಡಲವನ್ನು ನಿರೂಪಿಸುವಲ್ಲಿ ನೆರೆಯ ಅರಸನನ್ನೇ ಅರಿಯೆಂದು ಎಣಿಸಿದ್ದಾನೆ. ಕ್ರೀಡಾಮಂಡಲದಲ್ಲಿಯೂ ನೆರೆಯವನೇ ಅರಿ. ಆದರೆ ಇಲ್ಲಿ ಅರಿಯನ್ನು ಉಳಿಸಿಕೊಳ್ಳುವುದೇ ಪರಮಪ್ರಯೋಜನ. ವಿಲಿಯಮ್ಸ್, ಆಮ್‌ಹರ್ಸ್ಟ್ ಎಂಬೆರಡು ಸಣ್ಣ ಕಾಲೇಜುಗಳ ಪೈಪೋಟಿಯು 1884ರಲ್ಲಿ ಮೊದಲಾದುದು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಸುಮಾರು ಹತ್ತು ಪಂದ್ಯಗಳು ನಡೆಯುವುವು. 1973ರಲ್ಲಿ ಅಲ್ಲಿಯ ರಾಷ್ಟ್ರೀಯ ಸಂಘವು ಕಾಲೇಜುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು; ಮೂರನೆಯ ವರ್ಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆ ವರ್ಗದ ಮಂಡಲವಿಜೇತರಲ್ಲಿ ಬಹುಮಂದಿಗೆ ಮುಂದಿನ ಸುತ್ತಿಗೆ ನೇರ ಪ್ರವೇಶವುಂಟು. ಕಡೆಯ ಪಂದ್ಯವು ಏಮಸ್ ಅಲೊಂಜೊ ಸ್ಟ್ಯಾಗ್ ಎಂಬ ಪ್ರಸಿದ್ಧ ಶಿಕ್ಷಕನ ಹೆಸರಿನಿಂದ ‘ಸ್ಟ್ಯಾಗ್ ಬೌಲ್’ ಎನಿಸಿದೆ.

ಮಂಗಳೂರಿನಲ್ಲಿ ಮಂಡಲವು ಕಾಲೇಜುಗಳು ಆರಿಸಿಕೊಂಡುದಲ್ಲ. ವಿಶ್ವವಿದ್ಯಾನಿಲಯದ ಸಂಯೋಜನೆಯ ನೆರಳಾಗಿ ಒದಗಿದುದು. ಒಂದೇ ವಿಶ್ವವಿದ್ಯಾನಿಲಯಕ್ಕೆ ಸೇರಿದವು ತಮ್ಮೊಳಗೆ ಪಟ್ಟಕ್ಕಾಗಿ ಆಡುವುವು. ಅಲ್ಲಿಂದ ಆಯ್ದ ತಂಡವು ದಕ್ಷಿಣವಲಯದ ಕಣಕ್ಕೆ ಹೋಗುವುದು. ಆದಕಾರಣ ಶಾಸನವು ಬದಲಾದಂತೆಲ್ಲ ಎದುರಾಳಿಗಳೂ ಬದಲಾಗುವರು. ಬಾವುಟಗುಡ್ಡದ ಮೇಲೆ ನಿಂತಿರುವ ಸಂತ ಅಲೋಶಿಯಸ್ ಕಾಲೇಜನ್ನೇ ನೋಡಬಹುದು. 1880ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಮೊದಲು ಮದ್ರಾಸಿಗೆ, 1956ರ ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಮೈಸೂರಿಗೆ, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಹುಟ್ಟಿದ ತರುವಾಯ ಕೊಣಾಜೆಗೆ ಸೇರಿತು; 2024ರಲ್ಲಿ ತಾನೇ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಗುಡ್ಡದ ಕೆಳಗೆ ಹಂಪನಕಟ್ಟೆಯಲ್ಲಿರುವ ವಿಶ್ವವಿದ್ಯಾನಿಲಯ ಕಾಲೇಜು ಅದಕ್ಕಿಂತಲೂ ಹಳೆಯದು. ಕೂಗಿದರೆ ಕೇಳುವಷ್ಟು ಸಮೀಪದ ಈ ಎರಡೂ ಸಂಸ್ಥೆಗಳು ಈಗ ಎರಡು ಮಂಡಲಗಳಿಗೆ ಸೇರಿದವು! 1998ರಲ್ಲಿ ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಇಂಜಿನಿಯರಿಂಗ್ ಕಾಲೇಜುಗಳು ಅತ್ತ ಸರಿದುವು. ಕೊಡಗಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯವು ಬಂದುದರಿಂದ ಹಾಕಿಯಾಟಕ್ಕೆ ಹೆಸರಾಂತ ಆ ನಾಡಿನ ಕಾಲೇಜುಗಳೂ ಬೇರಾದುವು. ಕಾಸರಗೋಡಿನ ಸರಕಾರಿ ಕಾಲೇಜಂತೂ ರಾಜ್ಯದ ಗಡಿಯ ಕಾರಣದಿಂದ ಕಣ್ಣೂರಿಗೆ ಸೇರಿದೆ. ಪದವಿಪರೀಕ್ಷೆಗೆ ಶಾಸನದ ಎಲ್ಲೆಗಳು ಅವಶ್ಯವೇ ಸರಿ. ಚೆಂಡಿಗೂ ಅವೇ ಎಲ್ಲೆಗಳಾಗಬೇಕೆಂಬುದಕ್ಕೆ ನನಗೆ ಯುಕ್ತಿಯು ತೋರುವುದಿಲ್ಲ. ಸ್ನೇಹಪಂದ್ಯಗಳನ್ನು ಯಾರೂ ತಡೆಯುವುದಿಲ್ಲವೆಂದು ಕೆಲವರು ಹೇಳಬಹುದು. ಪ್ರತಿವರ್ಷವೂ ತಪ್ಪದೆ ಬರುವ ಪಟ್ಟದ ಪಂದ್ಯಕ್ಕೂ ಒಮ್ಮೆ ನಡೆದು ಮರೆತುಹೋಗುವ ಸ್ನೇಹಪಂದ್ಯಕ್ಕೂ ಇರುವ ಭೇದವನ್ನು ಆಡುವ ಹುಡುಗರೇ ಬಲ್ಲರು.

ಸಂಯೋಜನೆಯು ಯಾವುದೇ ಇರಲಿ, ಮಂಗಳೂರು ಮತ್ತು ಸುತ್ತಣ ಕಾಲೇಜುಗಳು ತಮ್ಮದೇ ಒಂದು ಮಂಡಲವನ್ನು ಕಟ್ಟಿಕೊಳ್ಳುವುದಾದರೆ ಅದಕ್ಕೆ ಹೆಸರಿಡುವ ಭಾರವು ಸಾಹಿತ್ಯೋಪಾಧ್ಯಾಯರದಾಗುವುದು. ಫಲಕಗಳಲ್ಲಿ ಕಾಣುವ ‘ಅಂತರ್ ಕಾಲೇಜು’ ಎಂಬುದನ್ನು ಮಾತ್ರ ಅವರು ಬಿಡಬೇಕು. ‘ಅಂತರ್’ ಎಂಬ ಅವ್ಯಯಕ್ಕೆ ಒಳಗೆ ಎಂಬುದೇ ಮುಖ್ಯಾರ್ಥವಾದುದರಿಂದ ಅದು ಒಂದೇ ಕಾಲೇಜಿನ ಒಳಗಣ ಆಟವೆಂದಾಗುವುದು. ‘ಅಂತರಕಾಲೇಜು’ ಎನ್ನುವುದು ಲೇಸು. ಕೇಶಿರಾಜನ ಶಿಷ್ಯರು ಇದನ್ನು ಅರಿಸಮಾಸವೆಂದು ಆಕ್ಷೇಪಿಸಿದರೆ ‘ಕಾಲೇಜುಗಳೊಳಗಣ ಪಂದ್ಯ’ವೆಂದು ಬಿಡಿಸಿ ಹೇಳಿದರಾಯಿತು.