ಹೆಡ್ ಬದಲಾಯಿತು, ಮುಳ್ಳು ಕೆಳಗಿಳಿಯಲಿಲ್ಲ

ಹಾಸನದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರದು ಮೂರು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು. ಎಂಜಿನ್ನಿನ ಸಿಲಿಂಡರ್ ಹೆಡ್ ಬಿರುಕು ಬಿಟ್ಟಿದೆ ಎಂದು ಗ್ಯಾರೇಜಿನವರು ಹೇಳಿದ ಖರ್ಚು ಕೇಳಿ ಗಾಬರಿಯಾಗಿ, ಗುಜರಿಯಿಂದ ಇನ್ನೊಂದು ಹೆಡ್ ತಂದು, ವಿಡಿಯೊ ನೋಡಿಕೊಂಡು ತಾವೇ ಕೂರಿಸಿದ್ದಾರೆ. ಗಾಡಿ ಮೊದಲ ಸೆಲ್ಫಿಗೇ ಸ್ಟಾರ್ಟ್ ಆಗಿದೆ. ಆದರೆ ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತದಂತೆ. ರೇಡಿಯೇಟರ್ ಹೊಸದು ಹಾಕಿದರು, ವಾಟರ್ ಪಂಪ್ ಬದಲಾಯಿಸಿದರು, ಮುಳ್ಳು ಜಗ್ಗಲಿಲ್ಲ. 'ಇನ್ನು ಯಾವ ಪಾರ್ಟ್ ತರಲಿ?' ಎಂದು ಕೇಳಿದ್ದಾರೆ.

ಸದ್ಯಕ್ಕೆ ಏನನ್ನೂ ತರಬೇಡಿ. ಬಿಚ್ಚುವ ಮೊದಲು ರೇಡಿಯೇಟರ್ ಮತ್ತು ಪಂಪು ಕೆಲಸ ಮಾಡುತ್ತಿದ್ದವು ಎಂದಾದರೆ, ಹೆಡ್ ಬಿಚ್ಚಿದ ವಾರದಲ್ಲೇ ಅವು ಒಟ್ಟಿಗೆ ಕೈಕೊಡುವುದು ಅಪರೂಪ. ಬಿಚ್ಚಿ ಜೋಡಿಸುವಾಗ ಏನು ಬದಲಾಯಿತು ಎಂದು ಹುಡುಕಬೇಕು. ಆ ಪಟ್ಟಿಯಲ್ಲಿ ಮೊದಲು ಬರುವುದು ಕಾಸು ಕೊಡದೆ ಒಳಗೆ ಬಂದು ಕೂತ ವಸ್ತು, ಅಂದರೆ ಗಾಳಿ.

ಹೆಡ್ ಎತ್ತಬೇಕಾದರೆ ನೀರನ್ನು ಇಳಿಸಲೇಬೇಕು. ನೀರು ಹೋದ ಸಂದುಗೊಂದುಗಳಿಗೆಲ್ಲ ಗಾಳಿ ಹೊಕ್ಕುತ್ತದೆ. ಮತ್ತೆ ಕೂಲಂಟ್ ಸುರಿದಾಗ ಅದೆಲ್ಲವೂ ಹೊರಗೆ ಬರುವುದಿಲ್ಲ. ಮೆಕ್ಯಾನಿಕ್‌ಗಳು ಇದನ್ನು 'ಏರ್ ಲಾಕ್' ಅನ್ನುತ್ತಾರೆ. ತೊಂದರೆ ಏನೆಂದರೆ ಗಾಳಿ ಮೇಲಕ್ಕೇರುತ್ತದೆ, ಮತ್ತು ಎಂಜಿನ್ನಿನಲ್ಲಿ ನೀರು ಹರಿಯುವ ಜಾಗಗಳ ಪೈಕಿ ಎತ್ತರದಲ್ಲಿರುವುದು ಹೆಡ್ಡು. ಅತಿ ಹೆಚ್ಚು ಕಾಯುವುದೂ ಅದೇ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಶಾಖವಾಗಿ ಕೂಲಂಟಿಗೆ ಸೇರುತ್ತದೆ. ಅದರ ದೊಡ್ಡ ಭಾಗ ದಾಟಬೇಕಾದದ್ದು ಹೆಡ್ಡಿನ ಎಕ್ಸಾಸ್ಟ್ ವಾಲ್ವಿನ ಸುತ್ತಲಿನ ಕಿರಿದಾದ ಲೋಹದ ಗೋಡೆಯನ್ನು.

ಆ ಗೋಡೆಯ ಆಚೆ ಬದಿಯಲ್ಲಿ ನೀರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅಡುಗೆಮನೆಯ ದೋಸೆ ಕಾವಲಿ ಸಾಕು. ಕಾವಲಿ ಸಾಧಾರಣ ಕಾದಾಗ ನೀರು ಚಿಮುಕಿಸಿದರೆ ಚುಂಯ್ ಎಂದು ಕ್ಷಣದಲ್ಲಿ ಆರಿಹೋಗುತ್ತದೆ. ಇನ್ನೂ ಕಾಯಿಸಿ. 200 ಡಿಗ್ರಿಯ ಆಸುಪಾಸಿನಲ್ಲಿ ಹನಿಗಳು ಆರುವುದನ್ನು ಬಿಟ್ಟು ಗೋಲಿಗಳಂತೆ ಉರುಳಾಡತೊಡಗುತ್ತವೆ. ಕಾವಲಿ ಹೆಚ್ಚು ಬಿಸಿ, ಆದರೆ ಹನಿಗೆ ಆಯುಷ್ಯ ಹೆಚ್ಚು! ಹನಿಯ ತಳದಲ್ಲಿ ಹುಟ್ಟಿದ ಆವಿಯೇ ತೆಳು ಹಾಸಾಗಿ ಅದನ್ನು ಎತ್ತಿ ಹಿಡಿದಿರುತ್ತದೆ. ಆವಿ ಶಾಖವನ್ನು ಸಾಗಿಸುವುದು ನೀರಿನ ಇಪ್ಪತ್ತೈದನೇ ಒಂದು ಪಾಲಿನಷ್ಟು ಮಾತ್ರ. ಹಾಗಾಗಿ ಹನಿ ತಣ್ಣಗೆ ತೇಲುತ್ತದೆ, ಕಾವಲಿ ಕಾದೇ ಇರುತ್ತದೆ. ಹನಿಯ ಪಾಲಿಗೆ ಇದು ಅದೃಷ್ಟ, ಕಾವಲಿಯ ಪಾಲಿಗೆ ಅಲ್ಲ. ಎಂಜಿನ್ ಹೆಡ್ಡಿನ ಕಥೆಯಲ್ಲಿ ನಾವು ಕಾವಲಿಯ ಪಕ್ಷ.

ಜರ್ಮನಿಯ ವೈದ್ಯ ಯೋಹಾನ್ ಗಾಟ್ಲೋಬ್ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ಲ್ಯಾಟಿನ್ ಗ್ರಂಥವೊಂದರಲ್ಲಿ ವಿವರಿಸಿದ. ಕೆಂಪಗೆ ಕಾಯಿಸಿದ ಕಬ್ಬಿಣದ ಚಮಚಕ್ಕೆ ನೀರಿನ ಹನಿ ಬಿಟ್ಟು, ಅದು ಎಷ್ಟು ಹೊತ್ತು ಉಳಿಯುತ್ತದೆಂದು ಲೋಲಕದಿಂದ ಅಳೆಯುತ್ತಿದ್ದ. ಆ ಕುತೂಹಲವನ್ನು ಎಂಜಿನಿಯರುಗಳ ಕೈಗೆ ಒಪ್ಪಿಸಿದ್ದು ಜಪಾನಿನ ಶಿರೋ ನುಕಿಯಾಮಾ. 1934ರಲ್ಲಿ ಅವರು ಕುದಿನೀರಿನಲ್ಲಿ ತೆಳು ತಂತಿ ಮುಳುಗಿಸಿ, ಅದಕ್ಕೆ ವಿದ್ಯುತ್ ಹರಿಸಿ, ಹಂತಹಂತವಾಗಿ ಹೆಚ್ಚಿಸುತ್ತ ಹೋದರು. ಮೊದಮೊದಲು ತಂತಿಯ ಮೇಲೆ ಗುಳ್ಳೆ ಹುಟ್ಟಿ ಬಿಟ್ಟುಕೊಳ್ಳುತ್ತಿದ್ದವು. ಗುಳ್ಳೆಗಳು ಶಾಖವನ್ನು ಸಲೀಸಾಗಿ ಹೊತ್ತೊಯ್ಯುತ್ತಿದ್ದುದರಿಂದ ತಂತಿಯ ತಾಪ ನೀರಿಗಿಂತ ಮೂವತ್ತು ಡಿಗ್ರಿಯಷ್ಟೇ ಮೇಲಿತ್ತು. ಒಂದು ಹಂತ ದಾಟಿದ್ದೇ ತಡ, ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ತಂತಿಗೆ ಆವಿಯ ಕವಚ ತೊಡಿಸಿಬಿಟ್ಟವು. ನೈಕ್ರೋಮ್ ತಂತಿ ಹಠಾತ್ತಾಗಿ ಕರಗಿ ತುಂಡಾಯಿತು. ನೀರಿನೊಳಗೇ! ಹೆಚ್ಚು ಶಾಖ ತಡೆಯುವ ಪ್ಲಾಟಿನಂ ತಂತಿ ಬಳಸಿದ ಮೇಲಷ್ಟೇ ಮುಂದಿನ ಅಳತೆ ಸಾಧ್ಯವಾಯಿತು. ಇವತ್ತಿಗೂ ಬಾಯ್ಲರಿನಿಂದ ಅಣುಸ್ಥಾವರದವರೆಗೆ ವಿನ್ಯಾಸಕಾರರು ಈ 'ಕುದಿತದ ರೇಖೆ'ಯನ್ನು ಕಣ್ಣೆದುರಿಗಿಟ್ಟುಕೊಂಡೇ ಲೆಕ್ಕ ಹಾಕುತ್ತಾರೆ.

ಹೆಡ್ಡಿನ ಮೂಲೆಯಲ್ಲಿ ಗಾಳಿಗುಳ್ಳೆ ಕೂತರೆ ನುಕಿಯಾಮಾ ತಂತಿಯ ಗತಿಯೇ ಆ ಲೋಹಕ್ಕೆ. ಅಲ್ಲಿ ನೀರು ತಾಗದೆ ಲೋಹ ಕಾಯುತ್ತದೆ, ಸುತ್ತಲಿನ ನೀರು ಆವಿಯಾಗಿ ಗುಳ್ಳೆ ದೊಡ್ಡದಾಗುತ್ತದೆ, ಇನ್ನಷ್ಟು ನೀರು ಹಿಂದಕ್ಕೆ ಸರಿಯುತ್ತದೆ. ಹೊಸ ರೇಡಿಯೇಟರ್ ಮುಂದುಗಡೆ ತಣ್ಣಗೆ ಕೂತು ನೋಡುತ್ತಿರುತ್ತದೆ.

ಅದು ತಣ್ಣಗೆ ಕೂರುವುದಕ್ಕೆ ಇನ್ನೊಂದು ಕಾರಣ ಥರ್ಮೋಸ್ಟಾಟ್. ಇದೂ 1934ರ ಕೂಸೇ. ಸರ್ಜಿಯಸ್ ವರ್ನೆ ಎಂಬಾತ ಮೇಣ ತುಂಬಿದ ಥರ್ಮೋಸ್ಟಾಟನ್ನು ರೂಪಿಸಿದ್ದು ಆ ವರ್ಷ. ಪುಟ್ಟ ಲೋಹದ ಬಟ್ಟಲಲ್ಲಿ ಮೇಣ, ಮೇಲೆ ರಬ್ಬರ್ ಮುಚ್ಚಳಿಕೆ, ಅದರೊಳಗೊಂದು ಕಡ್ಡಿ. ಕೂಲಂಟ್ 80-90 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯನ್ನು ತಳ್ಳುತ್ತದೆ, ರೇಡಿಯೇಟರಿನ ದಾರಿ ತೆರೆಯುತ್ತದೆ. ವೈರಿಲ್ಲ, ಬ್ಯಾಟರಿಯಿಲ್ಲ. ನನಗಂತೂ ಕಾರಿನಲ್ಲಿ ಇದಕ್ಕಿಂತ ಜಾಣ ಭಾಗ ಇನ್ನೊಂದಿದೆ ಅನ್ನಿಸುವುದಿಲ್ಲ. ಆದರೆ ಮೇಣ ಕರಗಬೇಕಾದರೆ ಬಟ್ಟಲು ಬಿಸಿನೀರಿನಲ್ಲಿ ಮುಳುಗಿರಬೇಕು. ಸುತ್ತ ಗಾಳಿಯಿದ್ದರೆ ಹೆಡ್ಡು ಸುಡುತ್ತಿದ್ದರೂ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಹಲವು ಥರ್ಮೋಸ್ಟಾಟುಗಳ ತಟ್ಟೆಯಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಅಲುಗಾಡುವ ಒಂದು ಪಿನ್ನು ಇರುತ್ತದೆ. ಗಾಳಿ ನುಸುಳಲು ಬಿಟ್ಟ ಕಿಂಡಿ ಅದು. ಅಡ್ಡಡ್ಡ ಕೂರುವ ಥರ್ಮೋಸ್ಟಾಟಿನಲ್ಲಿ ಆ ಪಿನ್ನು ಮೇಲ್ತುದಿಗೆ ಬರಬೇಕು. ಕೆಳಗೆ ತಿರುಗಿಸಿ ಕೂರಿಸಿದರೆ ಕಿಂಡಿ ಇದ್ದೂ ಇಲ್ಲದಂತೆ.

ಒಳಗೆ ಗಾಳಿ ಇದೆಯೇ ಎಂದು ತಿಳಿಯಲು ಸುಲಭದ ದಾರಿ ಲೆಕ್ಕ. ಎಂಜಿನ್ನಿಗೆ ನಾಲ್ಕು ಲೀಟರ್ ಕೂಲಂಟ್ ಹಿಡಿಯುತ್ತದೆ ಎಂದು ಕಾರಿನ ಪುಸ್ತಕ ಹೇಳುತ್ತದೆ ಅಂದುಕೊಳ್ಳಿ. ಪೂರ್ತಿ ಖಾಲಿ ಮಾಡಿದ ಮೇಲೆ ಮೂರೇ ಲೀಟರ್ ಹಿಡಿದು 'ಫುಲ್' ಆಯಿತೆಂದರೆ, ಉಳಿದ ಒಂದು ಲೀಟರ್ ಜಾಗದಲ್ಲಿ ಗಾಳಿ ಕೂತಿದೆ. ಇನ್ನೊಂದು ಸುಳಿವು ಹೀಟರ್: ಮುಳ್ಳು ಕೆಂಪಿನಲ್ಲಿದ್ದಾಗಲೂ ಹೀಟರ್ ತಣ್ಣನೆಯ ಗಾಳಿ ಊದಿದರೆ ಅದರ ಕೊಳವೆಗೆ ನೀರು ತಲುಪುತ್ತಿಲ್ಲ. ಮುಳ್ಳು ಜಿಗಿದು ಏರಿ ತಟ್ಟನೆ ಬೀಳುತ್ತಿದ್ದರೂ ಅನುಮಾನ ಗಾಳಿಯ ಮೇಲೆಯೇ, ಏಕೆಂದರೆ ಸೆನ್ಸರ್ ಒಮ್ಮೆ ನೀರಿನಲ್ಲಿ ಒಮ್ಮೆ ಆವಿಯಲ್ಲಿ ಇರುತ್ತದೆ.

ಹೊರಹಾಕುವುದು ಕಷ್ಟವಲ್ಲ, ತಾಳ್ಮೆ ಬೇಕು. ಎಂಜಿನ್ ಪೂರ್ತಿ ತಣ್ಣಗಿರುವಾಗ, ಮೂತಿ ಮೇಲಾಗುವಂತೆ ಏರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನಕ್ಕೆ ತುಂಬಿಸಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಿಂದ ಬರೀ ನೀರು ಬರುವವರೆಗೆ ಸಡಿಲಿಸಿಡಿ. ಆಮೇಲೆ ಎಂಜಿನ್ ಐಡಲ್‌ನಲ್ಲಿ ಓಡಲಿ. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಎಂದರ್ಥ. ಮಟ್ಟ ಗುಳುಕ್ಕನೆ ಕುಸಿಯುತ್ತದೆ, ಅಷ್ಟೂ ತುಂಬಿಸಿ ಮುಚ್ಚಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ.

ಮುಚ್ಚಳದ ವಿಷಯ ಬಂದದ್ದರಿಂದ ಒಂದು ಮಾತು. ಹಾಸನ, ಬೆಂಗಳೂರು ಎರಡೂ 900 ಮೀಟರಿಗಿಂತ ಎತ್ತರದಲ್ಲಿರುವ ಊರುಗಳು. ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟರೆ ಕುದಿಬಿಂದು 117ರ ಹತ್ತಿರಕ್ಕೆ ಏರುತ್ತದೆ. ಮುಚ್ಚಳದ ರಬ್ಬರು ಗಟ್ಟಿಯಾಗಿ ಒತ್ತಡ ನಿಲ್ಲದಿದ್ದರೆ ಈ ಇಪ್ಪತ್ತು ಡಿಗ್ರಿಯ ಅವಕಾಶ ಹೋಯಿತು. ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಬಾರದೆನ್ನುವುದೂ ಇದಕ್ಕೇ. 115 ಡಿಗ್ರಿಯಲ್ಲಿರುವ ಐದು ಲೀಟರ್ ನೀರಿನ ಒತ್ತಡ ಥಟ್ಟನೆ ಇಳಿದರೆ ಕ್ಷಣಮಾತ್ರದಲ್ಲಿ ಸುಮಾರು 300 ಲೀಟರ್ ಆವಿ ಎದ್ದು, ಉಳಿದ ಕುದಿನೀರನ್ನು ಮುಖಕ್ಕೆ ಎರಚುತ್ತದೆ.

ಗಾಳಿ ತೆಗೆದ ಮೇಲೂ ಮುಳ್ಳು ಏರಿದರೆ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ ಕಡೆ ತಿರುಗಬೇಕು. ಗ್ಯಾಸ್ಕೆಟಿನ ನೀರಿನ ತೂತುಗಳನ್ನು ಗಮನಿಸಿದ್ದೀರಾ? ಹಲವು ಎಂಜಿನ್ನುಗಳಲ್ಲಿ ಬ್ಲಾಕಿನ ತೂತು ಹೆಬ್ಬೆರಳಿನಷ್ಟಿದ್ದರೆ ಅದರ ಮೇಲೆ ಕೂರುವ ಗ್ಯಾಸ್ಕೆಟ್ ತೂತು ಕಡಲೆಯಷ್ಟು. ತಯಾರಕರ ಜಿಪುಣತನವಲ್ಲ ಅದು. ಪಂಪು ಇರುವುದು ಎಂಜಿನ್ನಿನ ಮುಂತುದಿಯಲ್ಲಿ. ಅಲ್ಲಿಂದ ಹೊರಟ ನೀರು ಬ್ಲಾಕಿನೊಳಗೆ ಹಿಂದಿನ ಸಿಲಿಂಡರಿನವರೆಗೆ ಹೋಗಿ, ಅಲ್ಲಿ ಮೇಲೇರಿ, ಹೆಡ್ಡಿನ ಮೂಲಕ ಮುಂದಕ್ಕೆ ವಾಪಸಾಗಬೇಕು. ಆದ್ದರಿಂದ ಮುಂದಿನ ತೂತುಗಳನ್ನು ಕಿರಿದಾಗಿಸಿ ಹಿಂದಿನವನ್ನು ಅಗಲವಾಗಿಸಿರುತ್ತಾರೆ. ಗ್ಯಾಸ್ಕೆಟನ್ನು ಹಿಂದುಮುಂದಾಗಿ ಕೂರಿಸಿದರೆ? ದೊಡ್ಡ ತೂತುಗಳು ಪಂಪಿನ ಪಕ್ಕಕ್ಕೇ ಬರುತ್ತವೆ. ನೀರು ಹತ್ತಿರದ ದಾರಿ ಹಿಡಿದು ಮುಂದಿನಿಂದಲೇ ಮೇಲೇರಿ ಹೊರಬೀಳುತ್ತದೆ, ಹಿಂದಿನ ಸಿಲಿಂಡರ್ ಬೇಯುತ್ತದೆ. ಸೋರಿಕೆ ಇರುವುದಿಲ್ಲ, ಶಬ್ದ ಇರುವುದಿಲ್ಲ. ಅಮೆರಿಕದ ಫೋರ್ಡ್ ವಿ8 ಎಂಜಿನ್ನುಗಳನ್ನು ಮನೆಯಲ್ಲೇ ರಿಪೇರಿ ಮಾಡುವವರು ದಶಕಗಳಿಂದ ಈ ಗುಂಡಿಗೆ ಬೀಳುತ್ತ ಬಂದಿದ್ದಾರೆ. ಗ್ಯಾಸ್ಕೆಟಿನ ಮೇಲೆ 'ಫ್ರಂಟ್', 'ಟಾಪ್' ಎಂದು ಅಚ್ಚು ಹಾಕುವುದು ಇದಕ್ಕೇ.

ಇನ್ನು ಗ್ಯಾಸ್ ಸೋರಿಕೆ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಕಿಡಿ ಹೊತ್ತಿದಾಗ ಒತ್ತಡ 50 ಬಾರ್‌ವರೆಗೂ ಹೋಗುತ್ತದೆ, ಪಕ್ಕದ ನೀರಿನದು ಒಂದು ಬಾರ್. ಗ್ಯಾಸ್ಕೆಟ್ ಕೂದಲೆಳೆಯಷ್ಟು ಬಿಟ್ಟುಕೊಟ್ಟರೂ ಸುಡುಗ್ಯಾಸ್ ನೀರಿಗೆ ನುಗ್ಗುತ್ತದೆ. ನೀವು ಎಷ್ಟೇ ಏರ್ ಲಾಕ್ ತೆಗೆದರೂ ಎಂಜಿನ್ನೇ ಹೊಸ ಗುಳ್ಳೆ ತುಂಬುತ್ತಿರುತ್ತದೆ. ಬೆಳಗಿನ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದೊಳಗೆ ಮೇಲಿನ ಹೋಸ್ ಹಿಸುಕಿ. ನೀರಿನ್ನೂ ಬಿಸಿಯಾಗಿಲ್ಲ, ಹೋಸ್ ಆಗಲೇ ಕಲ್ಲಾಗಿದೆ ಎಂದರೆ ಆ ಒತ್ತಡ ಆವಿಯದಲ್ಲ. ಖಚಿತಪಡಿಸಲು ನೀಲಿ ದ್ರಾವಣವೊಂದಿದೆ, ಬ್ರೋಮೋಥೈಮಾಲ್ ಬ್ಲೂ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಹೀರಿಸಿದಾಗ ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲವಾಗಿ, ನೀಲಿ ಹಳದಿಗೆ ತಿರುಗುತ್ತದೆ. ಶಾಲೆಯ ಪ್ರಯೋಗಾಲಯದ ರಸಾಯನವೇ, ಗ್ಯಾರೇಜಿನಲ್ಲಿ.

ಹೊಸ ಗ್ಯಾಸ್ಕೆಟ್ ಏಕೆ ಸೋರಬೇಕು? ಎರಕದ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇದ್ದರೆ, ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 300 ಮಿಲಿಮೀಟರ್ ಉದ್ದದ ಹೆಡ್ಡಿನಲ್ಲಿ ಈ ವ್ಯತ್ಯಾಸ ಕಾಲು ಮಿಲಿಮೀಟರ್. ಪ್ರತಿ ಬಾರಿ ಎಂಜಿನ್ ಕಾದು ಆರಿದಾಗಲೂ ಎರಡು ಲೋಹಗಳು ಗ್ಯಾಸ್ಕೆಟನ್ನು ನಡುವೆ ಹಿಡಿದು ಉಜ್ಜುತ್ತವೆ. ಅದನ್ನು ತಾಳಿಕೊಳ್ಳಲು ಮೈ ಸಮತಟ್ಟಾಗಿರಬೇಕು, ಬೋಲ್ಟಿನ ಬಿಗಿ ಸಮನಾಗಿರಬೇಕು. ಸಣ್ಣ ಕಾರುಗಳ ಹೆಡ್ಡಿಗೆ ಸಾಮಾನ್ಯವಾಗಿ ಒಪ್ಪುವ ಡೊಂಕು 0.05 ಮಿಲಿಮೀಟರ್. ಕಣ್ಣಂದಾಜಿಗೆ ಸಿಗುವ ಅಳತೆ ಅಲ್ಲ ಅದು, ಉಕ್ಕಿನ ನೇರಪಟ್ಟಿ ಮತ್ತು ಫೀಲರ್ ಗೇಜ್ ಬೇಕು. ಬೋಲ್ಟಿನದು ಇನ್ನೂ ಮೋಸದ ಲೆಕ್ಕ. ಟಾರ್ಕ್ ರೆಂಚಿಗೆ ನೀವು ಹಾಕುವ ಬಲದಲ್ಲಿ ಸುಮಾರು ಶೇ 90ರಷ್ಟು ಬರೀ ಘರ್ಷಣೆಗೆ ಹೋಗುತ್ತದೆ, ಹೆಡ್ಡನ್ನು ಒತ್ತಿ ಹಿಡಿಯುವುದು ಉಳಿದ ಹತ್ತು. ಮರೆಯಲ್ಲಿ ಸ್ವಲ್ಪ ತುಕ್ಕು, ತೂತಿನ ತಳದಲ್ಲಿ ನಾಲ್ಕು ಹನಿ ನೀರು ನಿಂತಿದ್ದರೆ ರೆಂಚು 'ಟಕ್' ಎಂದು ಸುಳ್ಳು ಹೇಳುತ್ತದೆ. ಇನ್ನು ಒಮ್ಮೆ ಹಿಗ್ಗಿಸಿ ಬಿಗಿಯುವ ಜಾತಿಯ ಬೋಲ್ಟುಗಳನ್ನು ಎರಡನೇ ಸಲ ಬಳಸಲೇಬಾರದು.

ಸಣ್ಣಪುಟ್ಟವೂ ಇವೆ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದ್ದರೆ, ಕಿಡಿ ತಡವಾಗಿ ಹಾರುತ್ತಿದ್ದರೆ, ಉರಿ ಎಕ್ಸಾಸ್ಟ್ ದಾರಿಯಲ್ಲೇ ಮುಗಿದು ಹೆಡ್ ಕಾಯುತ್ತದೆ. ಫ್ಯಾನಿನ ವೈರ್ ಸಿಕ್ಕಿಸಲು ಮರೆತಿದ್ದರೆ ಗಾಡಿ ಹೈವೇಯಲ್ಲಿ ಸುಮ್ಮನಿದ್ದು ಸಿಗ್ನಲ್‌ನಲ್ಲಿ ಕೆರಳುತ್ತದೆ.

'ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ನಮ್ಮ ದೇಶಕ್ಕೆ ಅದು ಬೇಡ' ಎಂಬ ಸಲಹೆ ಈ ಓದುಗರಿಗೂ ಸಿಕ್ಕಿದೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಅದರ ಇನ್ನೊಂದು ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಖ ನೋಡದೆ ಎಂಜಿನ್ನಿಗೇ ಮರಳುತ್ತದೆ. ಸೋರಿಕೆ ನಿಲ್ಲಿಸುವ ಪುಡಿಗಳ ಜಾಹೀರಾತೂ ಹಾಗೆಯೇ. 50 ಬಾರ್ ಒತ್ತಡದೆದುರು ಪುಡಿ ಎಷ್ಟು ದಿನ ನಿಂತೀತು? ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಮಾತ್ರ ಚೆನ್ನಾಗಿಯೇ ನಿಲ್ಲುತ್ತದೆ.

ನನಗೆ ಹೆಚ್ಚು ಅನುಮಾನ ಗುಜರಿ ಹೆಡ್ಡಿನ ಮೇಲೆ. ಅದು ಹುಟ್ಟಿದ ಕಾರು ಗುಜರಿಗೆ ಬಂದದ್ದೇ ಎಂಜಿನ್ ಕಾದು ಕೆಟ್ಟು ಆಗಿದ್ದರೆ? ಹೆಡ್ಡಿನ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಗಟ್ಟಿತನ ಬರುವುದು ಕಾರ್ಖಾನೆಯ ಶಾಖಸಂಸ್ಕಾರದಿಂದ. ನೀರಿಲ್ಲದೆ ಓಡಿ 200 ಡಿಗ್ರಿ ದಾಟಿ ಬಹಳ ಹೊತ್ತು ಕಾದ ಹೆಡ್ ಮೆದುವಾಗುತ್ತದೆ. ಲೇತಿನಲ್ಲಿ ಫೇಸಿಂಗ್ ಮಾಡಿಸಿ ಕನ್ನಡಿಯಂತೆ ಹೊಳೆಯುತ್ತಿದ್ದರೂ ಬೋಲ್ಟಿನ ಕೆಳಗೆ ಅದು ತಗ್ಗುತ್ತದೆ, ಬಿಗಿ ಸಡಿಲವಾಗುತ್ತದೆ. ವಾಲ್ವ್ ಸೀಟುಗಳ ನಡುವಿನ ಬಿರುಕಂತೂ ತಣ್ಣಗಿರುವಾಗ ಮುಚ್ಚಿಕೊಂಡಿರುತ್ತದೆ. ಹೆಡ್ಡಿನ ನೀರಿನ ದಾರಿಗಳನ್ನೆಲ್ಲ ಬಂದ್ ಮಾಡಿ, ಒಳಗೆ ಗಾಳಿಯ ಒತ್ತಡ ಕೊಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ವ್ಯವಸ್ಥೆ ಎಂಜಿನ್ ರೀಬೋರ್ ಮಾಡುವ ಕೆಲವು ವರ್ಕ್‌ಶಾಪುಗಳಲ್ಲಿ ಇರುತ್ತದೆ. ಹೋಸ್ ಪರೀಕ್ಷೆಯಲ್ಲಿ ಗ್ಯಾಸ್ ಸಿಕ್ಕರೆ ಹೆಡ್ ಇಳಿಸಿ ಅಲ್ಲಿಗೆ ಒಯ್ಯಿರಿ. ಸಿಗದಿದ್ದರೆ ಹೆಡ್ಡನ್ನು ಮುಟ್ಟಬೇಡಿ. ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಇನ್ನೊಮ್ಮೆ ಗಾಳಿ ತೆಗೆಯಿರಿ.