ಕಾಲು ಕೊಟ್ಟ ಸೈನಿಕನಿಗೆ ಟೆಂಡರಿನಲ್ಲಿ ಕಾಲಂ ಇಲ್ಲ!

ಕುಶಾಲನಗರದ ಪೇಟೆ ದಾಟಿದರೆ ಒಂದು ವೆಲ್ಡಿಂಗ್ ಶಾಪು. ಮಾಲೀಕರು ಮಾಜಿ ಹವಾಲ್ದಾರರು. ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಗಿದೆ. ಕೃತಕ ಕಾಲು ಊರಿಕೊಂಡೇ ಕಬ್ಬಿಣದ ಮಂಚ, ಬೀರು, ಶಾಲೆ ಬೆಂಚು ಮಾಡುತ್ತಾರೆ. ಕೆಲಸ ಗಟ್ಟಿ. ವ್ಯಾಪಾರ ಮಾತ್ರ ಅಷ್ಟಕ್ಕಷ್ಟೆ.

"ಸರ್ಕಾರಿ ಆರ್ಡರು ಹಿಡೀಬಹುದಲ್ಲ, ಹವಾಲ್ದಾರ್ರೇ?" ಎಂದು ಕೇಳಿದೆವು.

"ಒಂದ್ಸಲ ಕೇಂದ್ರ ಸರ್ಕಾರದ ಆಫೀಸಿಗೇ ಹೋಗಿದ್ದೆ. ಠೇವಣಿ ಎಲ್ಲಿ ಅಂದ್ರು. ಮೂರು ವರ್ಷದ ಅನುಭವ ಎಲ್ಲಿ ಅಂದ್ರು. ಹದಿನೇಳು ವರ್ಷ ಬಂದೂಕು ಹಿಡಿದ ಅನುಭವ ಇದೆ ಸ್ವಾಮಿ, ಅಂದೆ. ಅದಕ್ಕೆ ಫಾರಮ್ಮಿನಲ್ಲಿ ಕಾಲಂ ಇಲ್ಲ ಅಂತ ನಕ್ಕು ಕಳಿಸಿದ್ರು."

ನಕ್ಕಿದ್ದು ತಪ್ಪು. ಆದರೆ ಹೇಳಿದ್ದು ನಿಜ. ಕಾಲಂ ಇಲ್ಲವೇ ಇಲ್ಲ!

ಯಾರಿಗೆ ಎಷ್ಟು?

ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ಕೊಳ್ಳುವ ಸರಕು, ಸೇವೆಗಳಲ್ಲಿ ಒಂದು ಪಾಲು ಸಣ್ಣ ಮತ್ತು ಅತಿಸಣ್ಣ ಉದ್ದಿಮೆಗಳಿಗೆ ಮೀಸಲು. 2012ರ ಆದೇಶದಲ್ಲಿ ಶೇ. 20 ಇದ್ದದ್ದು 2018ರ ತಿದ್ದುಪಡಿಯಲ್ಲಿ ಶೇ. 25 ಆಯಿತು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ ಶೇ. 4, ಮಹಿಳೆಯರಿಗೆ ಶೇ. 3. ಇದು ನ್ಯಾಯವೇ. ಅವರ ಪಾಲು ಕಿತ್ತು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ದೇಶಕ್ಕಾಗಿ ಅಂಗ ಕಳಕೊಂಡವನಿಗೆಂದು ಅಲ್ಲಿ ಒಂದು ಸಾಲೂ ಇಲ್ಲವಲ್ಲ?

ಅಮೆರಿಕ ಇದನ್ನು 1999ರಲ್ಲೇ ಮಾಡಿತು. ಸರ್ಕಾರದ ಗುತ್ತಿಗೆ ಹಣದಲ್ಲಿ ಶೇ. 3 ಸೇವೆಯಲ್ಲಿ ಅಂಗವಿಕಲರಾದ ಮಾಜಿ ಸೈನಿಕರ ಉದ್ದಿಮೆಗಳಿಗೆ ಸಲ್ಲಬೇಕೆಂದು ಗುರಿ ಇಟ್ಟಿತು. 2023ರ ಡಿಸೆಂಬರಿನ ಕಾನೂನು ಅದನ್ನು ಶೇ. 5ಕ್ಕೆ ಏರಿಸಿತು. ಉದ್ದಿಮೆಯ ಶೇ. 51 ಪಾಲಾದರೂ ಆ ಸೈನಿಕರದ್ದೇ ಆಗಿರಬೇಕು, ಯಜಮಾನಿಕೆಯೂ ಅವರದ್ದೇ. ಬೇನಾಮಿ ಹಾವಳಿ ಅಲ್ಲೂ ಇತ್ತು. ಸೈನಿಕನ ಹೆಸರು ಮುಂದಿಟ್ಟು ಹಿಂದಿನಿಂದ ಗುತ್ತಿಗೆ ನುಂಗಿದ ಕೆಲವರು ಜೈಲು ಕಂಡರು. 2023ರಿಂದ ಸಣ್ಣ ಉದ್ದಿಮೆಗಳ ಸರ್ಕಾರಿ ಸಂಸ್ಥೆಯೇ ಪರಿಶೀಲಿಸಿ ಸರ್ಟಿಫಿಕೇಟು ಕೊಡುತ್ತಿದೆ. ನಾವು ಕಾಲಂ ತೆರೆಯುವಾಗ ಈ ಪಾಠವೂ ನೆನಪಿರಲಿ.

ಅಲ್ಲಿಯವರೆಗೆ?

ಕೈಕಟ್ಟಿ ಕೂರಬೇಕಿಲ್ಲ. ತೆರೆದ ಬಾಗಿಲೂ ಇದೆ. ನಮ್ಮ ಹವಾಲ್ದಾರರಿಗೆ ಅದನ್ನು ಯಾರೂ ತೋರಿಸಿರಲಿಲ್ಲ, ಅಷ್ಟೆ.

ಮೊದಲು 'ಉದ್ಯಮ್' ನೋಂದಣಿ. ಒಂದು ಪೈಸೆ ಖರ್ಚಿಲ್ಲ, ದಲ್ಲಾಳಿ ಬೇಕಿಲ್ಲ. ಅದಿದ್ದರೆ ಕೇಂದ್ರದ ಟೆಂಡರುಗಳಲ್ಲಿ ಠೇವಣಿ ಕಟ್ಟುವಂತಿಲ್ಲ, ಟೆಂಡರು ಫಾರಂ ಪುಕ್ಕಟೆ. ಗುಣಮಟ್ಟ ಸರಿಯಿದ್ದರೆ ಹಿಂದಿನ ಅನುಭವದ ಷರತ್ತು ಸಡಿಲಿಸಲೂ ಅವಕಾಶವಿದೆ. ಕಡಿಮೆ ದರ ಹಾಕಿದವ ದೊಡ್ಡ ಕಂಪನಿಯಾಗಿದ್ದು, ನಿಮ್ಮ ದರ ಅದಕ್ಕಿಂತ ಶೇ. 15ರೊಳಗೆ ಹೆಚ್ಚಿದ್ದರೆ, ಅದೇ ದರಕ್ಕೆ ಇಳಿದು ಆರ್ಡರಿನ ಪಾಲು ಕೇಳಬಹುದು. 2016ರಲ್ಲಿ ಶುರುವಾದ 'ಜೆಮ್' ಜಾಲತಾಣದಲ್ಲಿ ಹೆಸರು ಹಾಕಿಸಿದರೆ ಸರ್ಕಾರಿ ಕಚೇರಿಗಳ ಬೇಡಿಕೆ ಕೂತಲ್ಲೇ ಕಾಣುತ್ತದೆ.

ಬಿಲ್ಲು ಬಾಕಿಯೇ? 2006ರ ಕಾನೂನಿನಂತೆ 45 ದಿನ ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು! ಆದರೆ ಎಚ್ಚರ: ತಂದು ಮಾರುವ ವ್ಯಾಪಾರಿಗೆ ಈ ಸೌಲಭ್ಯಗಳಿಲ್ಲ. ತಯಾರಿಸುವವನಿಗೆ, ಸೇವೆ ಕೊಡುವವನಿಗೆ ಮಾತ್ರ.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉದ್ದಿಮೆಗೆ ರಿಯಾಯಿತಿ ದರದಲ್ಲಿ ಕೊಡುವ ಜಾಗದಲ್ಲಿ ಶೇ. 5 ಮೀಸಲು ಎನ್ನುತ್ತದೆ. ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆಯ ಸರ್ಟಿಫಿಕೇಟು ಬೇಕು. ಇದು ಸೈನಿಕರಿಗೂ ಅನ್ವಯ.

ಜಿಲ್ಲಾ ಕೈಗಾರಿಕಾ ಕೇಂದ್ರದವರೂ ಸೈನಿಕ ಕಲ್ಯಾಣ ಇಲಾಖೆಯವರೂ ತಿಂಗಳಿಗೊಮ್ಮೆ ಒಂದೇ ಮೇಜಿಗೆ ಕೂತು ಈ ಕಾಗದಪತ್ರ ಮಾಡಿಸಿಕೊಟ್ಟರೆ ಖರ್ಚೇನು? ಒಂದು ಕಪ್ ಕಾಫಿ!

ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ಇದು. ಆಗಸ್ಟ್ 15 ಬಂತೆಂದರೆ ಮಾಜಿ ಯೋಧರಿಗೆ ಶಾಲು ಹೊದಿಸುತ್ತೇವೆ. ಹೊರಡುವಾಗ ಹವಾಲ್ದಾರರು ಹೇಳಿದ್ದು: "ಮನೇಲಿ ಶಾಲು ಬೇಕಾದಷ್ಟಿದೆ. ಮಂಚದ ಆರ್ಡರು ಕೊಡಿಸಿ ಅಂತ ಪೇಪರಿನಲ್ಲಿ ಬರೀರಿ."

ಬರೆದಿದ್ದೇವೆ. ಸಂಬಂಧಪಟ್ಟವರು ಓದುವರೇ?